ಎಡದ ಟಾಕಿ, ಬಲದ ಟಾಕಿ

ಪಾತ್ರೆ ಮ್ಯಾಲ ಹೆಸರು ಕೊರೆಯೋದು ನನ್ನ ಕಸಬು.
ರವಿವಾರ ಪೇಟ್ಯಾಗ, ಭಾಂಡೆ ಅಂಗಡಿ ಕಟ್ಟಿ ಮ್ಯಾಲ
ಒಂದು ಮಣಿ, ಒಂದು ವಾಯರು, ಗುಂಯ್ ಅನ್ನೋ ಸೂಜಿ.
ಅಕ್ಷರಕ್ಕ ಎರಡು ರೂಪಾಯಿ, ಒತ್ತಕ್ಷರಕ್ಕ ಬ್ಯಾರೆ ರೊಕ್ಕ ಇಲ್ಲ.
ಜ್ಞಾನೇಶ್ವರಿ ಅನ್ನೋ ಮದುಮಗಳು ಬಂದ್ರ
ನನಗ ಲುಕ್ಸಾನು.

ಅಂಥಾ ಕಟ್ಟಿಗೆ ಒಂದಿನ ಇನಾಸ ಬಾರ್ದೇಸ್ಕರ್ ಬಂದ.
ಕ್ಯಾಂಪಿನಾವ, ಸಾಂಬ್ರಾದಾಗ ಮೂವತ್ತು ವರ್ಷ ಪಾನಾ ಹಿಡಿದಾವ.
ಉದ್ಯಮಬಾಗದ ಹಳೇ ಫೌಂಡ್ರಿ ಶೆಡ್ಡಿನ್ಯಾಗ
ಎರಡು ಸೀಟಿನ ವಿಮಾನ ಕಟ್ಟಾಕತ್ತಾನಂತ ಓಣಿ ನಗತಿತ್ತು.

ಚೀಲದಿಂದ ತಗದ, ಕಿತ್ತು ಬಂದ ಸ್ಟಿಕ್ಕರು:
ಬಿಸಿಲಿಗೆ ಬೆಳ್ಳಗಾದವು, ಪೆಟ್ರೋಲ್ ಬೆರಳು ತಾಗಿ ಕರಗಿದವು.
‘ಚೋಕ್’ ಅನ್ನೋದು ಬರೇ ‘ಚೋ’ ಉಳಿದಿತ್ತು,
ಯಾರನ್ನೋ ಕರ್ಯಾಕ ಹೋಗಿ ನಿಂತ ಬಾಯಿ ಹಂಗ.

“ಅಳಿಸಬಾರ್ದು,” ಅಂದ. “ನಡುಗಿದ್ರ ಉದುರಬಾರ್ದು.
ಮತ್ತ, ಮೋನಪ್ಪಾ, ಎದಿ ಧಸಕ್ ಅಂದಾಗೂ ಓದಾಕ ಬರಬೇಕು.
ಆವಾಗ ಎಂಥಾ ಶ್ಯಾಣ್ಯಾನ ಕಣ್ಣೂ
ಒಂದನೇ ಇಯತ್ತೆ ಹುಡುಗನ ಕಣ್ಣು.”

ಗಾಜಿನಂಥಾ ಅಕ್ರಿಲಿಕ್ ತಂದ್ನಿ. ಉಪಾಯ ಇಷ್ಟ:
ಮುಖಕ್ಕಲ್ಲ, ಬೆನ್ನಿಗೆ ಕೊರೀಬೇಕು,
ತಿರುವಿ, ಕನ್ನಡಿಯೊಳಗಿನ ಅಕ್ಷರದ ಹಂಗ.
ಗೀರಿನ್ಯಾಗ ಬಿಳಿ ತುಂಬಿ, ಹೆಬ್ಬೆರಳಿಂದ ಒರಸಿ,
ಒಣಗಿದ ಮ್ಯಾಲ ಹಿಂದ ಕರೀ ಬಣ್ಣ.
ಮುಂದಿನಿಂದ ನೋಡು, ಅಕ್ಷರ ಸರಳ;
ಯಾರ ಬೆರಳೂ ಅದನ್ನ ಮುಟ್ಟೂದಿಲ್ಲ.
ನೂರು ಸಲ ಒರಸು, ಸವಿಯೋದು ಮ್ಯಾಲಿನ ಹಾಳಿ.

ನಲವತ್ತು ವರ್ಷ ಎಡದಿಂದ ಬಲಕ್ಕ ಹೋದ ಕೈ
ಬಲದಿಂದ ಎಡಕ್ಕ ಹೋಗಾಕ ಒಲ್ಲೆ ಅಂತು.
ಮೂರು ದಿನ ಹಾಳು. ನಾಕನೇ ದಿನ ಕೈಗೇ ತಿಳೀತು.
ಇದು ಎತ್ತರ, ಇದು ವೇಗ, ಇದು ಎಣ್ಣಿ ಕಾವು
ಅಂತ ಅವ ಹೇಳಿದ್ದ, ಇಂಗ್ಲಿಷ್ ಅಕ್ಷರ ನಾ ಕೊರದೆ.
ನನಗ ಪೂರಾ ತಿಳಿದದ್ದು ಕಡೀದೊಂದ:
ಎಲ್ ಎಡದ ಟಾಕಿ, ಆರ್ ಬಲದ್ದು,
ನಡುವ ತಿರುವೋ ಕಿವಿ.

ಹದಿನೇಳು ಪಟ್ಟಿ ಕೊಟ್ಟ ರಾತ್ರಿ
ಉಂಡ ತಾಟು ತೊಳದು ಬೋರಲ ಹಾಕಿದ್ನಿ.
ಎಡಕ್ಕಿದ್ದ ತಗ್ಗು ಬಲಕ್ಕ ಹೋತು.

ಕೈ ಅಲ್ಲೇ ನಿಂತು.

ಅಕ್ಷರ ತಿರುವಿದ್ನಿ, ಒಂದೊಂದೂ, ಬರೋಬ್ಬರಿ.
ಜಾಗಾ?
ಬೆನ್ನಿಗೆ, ಎಡಕ್ಕ, ಕೊರೆದಿದ್ನಿ ಎಲ್.
ಮುಖದಿಂದ ಅದು ಬಲಕ್ಕ.

ಒಮ್ಮೆ ಗಂಗವ್ವನ ಕೊಡದ ಮ್ಯಾಲ ಸೊನ್ನಿ ಬಿಟ್ಟು
‘ಗಗವ್ವ’ ಮಾಡಿದ್ನಿ. ನಕ್ಕಳು. ಇಪ್ಪತ್ತು ವರ್ಷ
ಅದರಾಗ ನೀರು ತುಂಬಿದ್ಲು, ನೀರು ಸೋರಲಿಲ್ಲ.
ಇದು ಹಂಗಲ್ಲ. ಎಡದ್ದು ಬರಿದಾತು ಅಂತ ತಿರುವಿದಾವ
ಮತ್ತ ಬರಿದಾದದ್ದಕ್ಕ ತಿರುವತಾನ.

ಫೋನ್ ಬಂದ್ ಇತ್ತು. ನಸುಕಿನ್ಯಾಗ ಸೈಕಲ್ ಹತ್ತಿದ್ನಿ.
ಮೂರನೇ ಗೇಟಿನ್ಯಾಗ ಮಾಲಗಾಡಿ.
ಡಬ್ಬಿ ಎಣಿಸಿದ್ನಿ, ನಲವತ್ತೆರಡು. ಒಂದೊಂದಕ್ಕೂ ನಂಬರು.
ಅದನ್ನೂ ಯಾವನೋ ಕುಂತು ಬರದಿರಬೇಕು.
ಅವಗ ನಿದ್ದಿ ಬಂದಿತ್ತೇನು?

ಶೆಡ್ಡಿನ್ಯಾಗ ರೆಕ್ಕಿ ಇಲ್ಲದ ವಿಮಾನದಾಗ
ಬಾರ್ದೇಸ್ಕರ್ ಕುಂತಿದ್ದ, ಕಣ್ಣಿಗೆ ವಸ್ತ್ರ ಕಟ್ಟಿಕೊಂಡು,
ಒಂದೊಂದ ಗುಂಡಿ ಮುಟ್ಟಿ ಹೆಸರು ಹೇಳಿಕೋತ.
ಎಲ್ಲಾ ಬರೋಬ್ಬರಿ. ಎಡದ ಟಾಕಿಗೆ ಎಡಕ್ಕ ತಿರುವಿದ.
“ಕೈಗೆ ಗೊತ್ತೈತಲ್ಲ,” ಅಂದ್ನಿ, ಒಂದೀಟು ಜೀವ ಬಂದು.
“ಹಂಗಾರ ಪಟ್ಟಿ ಯಾಕ ಬೇಕಾಗಿತ್ತು?”

ವಸ್ತ್ರ ತಗದ. ಬಾಜೂ ಸೀಟು ತೋರಿಸಿದ, ಖಾಲಿದು.
“ನನಗ ಏನರ ಆದ್ರ,
ಅಲ್ಲಿ ಕುಂತಾವ ಓದಬೇಕು.”

ನಾ ಹೇಳಿದ್ನಿ. ಅವ ಬಗ್ಗಿ ನೋಡಿದ, ಭಾಳ ಹೊತ್ತು.
ಬೈಲಿಲ್ಲ. ಬೈದಿದ್ರ ಚಲೋ ಇತ್ತು.
ಸ್ಕ್ರೂಡ್ರೈವರ್ ನನ್ನ ಕೈಯಾಗ ಇಟ್ಟ.

ನಾಕು ಸ್ಕ್ರೂ. ಅವ ಬ್ಯಾಟರಿ ಹಿಡದ.
“ಅಕ್ಷರ ಮಾತ್ರ ಚಂದ ಬಂದಾವ,” ಅಂದ.